ಹಾರಿಹೋದ ಓತಿ

ಕುದುರೆ, ಕೋವಿ, ಬಟಾಬಯಲಿನ ಕೌಬಾಯ್ ಕಥೆಯನ್ನು ಆಕಾಶನೌಕೆಗೆ ಹತ್ತಿಸಿದ್ದು 1977ರ ‘ಸ್ಟಾರ್ ವಾರ್ಸ್’ ಚಿತ್ರ. ನಮ್ಮ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರು 1980ರ ‘ಕರ್ವಾಲೊ’ದಲ್ಲಿ ಕಾಡಿನ ಸಾಹಸಕ್ಕೆ ವಿಜ್ಞಾನ ಬೆರೆಸಿದ ಬಗೆಯೇ ಬೇರೆ. ಕೌಬಾಯ್ ನೆಲವನ್ನು ಗೆಲ್ಲಲೇಬೇಕು. ಇಲ್ಲಿ ಅಷ್ಟು ಹುಡುಕಿದ ಹಾರುವ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಆದರೂ ಸೋತೆವೆನಿಸುವುದಿಲ್ಲ, ಕಂಡದ್ದೇ ದೊಡ್ಡದೆನಿಸುತ್ತದೆ.

ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಲ್ಲಿ ಕರ್ವಾಲೊ ನಿಸರ್ಗತಜ್ಞನನ್ನು ಕಾಣುತ್ತಾರೆ. ಅದನ್ನು ಓದುವಾಗಲೆಲ್ಲ ನಾಚಿಕೆಯಾಗುತ್ತದೆ. ಜೇನಿನ ವಿಷಯ ಎಲ್ಲ ಬಲ್ಲ ಹುಡುಗನೊಬ್ಬನನ್ನು ಮಗ್ಗಿ ಬರಲಿಲ್ಲವೆಂದು ಹಿಂದಿನ ಬೆಂಚಿಗೆ ಕಳಿಸಿದವಳು ನಾನು.

ಕೊರತೆಯೊಂದಿದೆ. ಆ ಹುಡುಕಾಟಕ್ಕೆ ಹೆಂಗಸರಾರೂ ಹೊರಡುವುದಿಲ್ಲ. ಸೊಪ್ಪು, ದರಗಿಗೆಂದು ದಿನವೂ ಕಾಡು ತುಳಿಯುವವರು ನಮ್ಮ ಹೆಂಗಸರೇ ಅಲ್ಲವೆ? ಅವರು ಕಂಡ ಓತಿಯ ಕಥೆಯನ್ನು ಇನ್ನು ಯಾರು ಬರೆಯಬೇಕು?