ಒಡೆದ ತಟ್ಟೆ ಗುಡಿಸುವವರಾರು?

ಹಾಸ್ಯಚಿತ್ರದಲ್ಲಿ ಪಿಂಗಾಣಿ ತಟ್ಟೆಯೊಂದು ಕೈಜಾರಿ ಬಿದ್ದು ಚೂರಾದರೆ ಗಂಡಸರು ನಗುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹೆಂಗಸರೂ ನಗುತ್ತಾರೆ. ಆದರೆ ನಗುವುದಕ್ಕೆ ಒಂದು ಕ್ಷಣ ಮೊದಲು ಅವರ ಮನಸ್ಸು ಪೊರಕೆ ಎಲ್ಲಿದೆಯೆಂದು ಹುಡುಕಿರುತ್ತದೆ. ಇದು ರಸಿಕತೆಯ ಕೊರತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಿನಾ ಗುಡಿಸುವ ಕೈಗೆ ಚೂರುಗಳ ಲೆಕ್ಕ ತಾನಾಗಿಯೇ ಹತ್ತುತ್ತದೆ, ಅಷ್ಟೆ. ಈ ಲೆಕ್ಕವನ್ನು ಮರೆಯದೆಯೂ ಮನಸಾರೆ ನಗಲು ಬರುತ್ತದೆಯೇ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಲಾರೆಲ್-ಹಾರ್ಡಿಯರ ಹಳೆಯ ಚಿತ್ರಗಳನ್ನು ಮನೆಯಲ್ಲಿ ಕೂತು ಮತ್ತೊಮ್ಮೆ ನೋಡಿದೆ.

ಒಬ್ಬ ಸಣಕಲು, ಒಬ್ಬ ದಢೂತಿ. ಇಬ್ಬರ ತಲೆಯ ಮೇಲೂ ಗುಂಡು ಟೋಪಿ, ಕೊರಳಲ್ಲಿ ಟೈ. ಜೇಬಿನಲ್ಲಿ ಕಾಸಿಲ್ಲ, ಮರ್ಯಾದೆಗೆ ಮಾತ್ರ ಕಡಿಮೆಯಿಲ್ಲ. ಸ್ಟ್ಯಾನ್ ಲಾರೆಲ್ 1890ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಚಾರ್ಲಿ ಚಾಪ್ಲಿನ್ ಇದ್ದ ಫ್ರೆಡ್ ಕಾರ್ನೋ ನಾಟಕತಂಡದ ಜೊತೆಯಲ್ಲೇ 1910ರಲ್ಲಿ ಅಮೆರಿಕಕ್ಕೆ ಹೋದವರು. ಆಲಿವರ್ ಹಾರ್ಡಿ 1892ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿದವರು. ಹಾಲ್ ರೋಚ್ ಅವರ ಸ್ಟುಡಿಯೋದಲ್ಲಿ 1927ರ ಹೊತ್ತಿಗೆ ಜೋಡಿಯಾದ ಇವರು ಮೂಕಿಚಿತ್ರಗಳಲ್ಲಿ ಗೆದ್ದು, ಸಿನಿಮಾಕ್ಕೆ ಮಾತು ಬಂದಾಗಲೂ ಸೋಲದೆ, ನೂರಕ್ಕೂ ಮೀರಿ ಚಿತ್ರಗಳಲ್ಲಿ ಜೊತೆಯಾಗಿ ಕಾಣಿಸಿಕೊಂಡರು. ನಮ್ಮ ನರಸಿಂಹರಾಜು-ಬಾಲಕೃಷ್ಣರನ್ನು ನೋಡಿ ಬೆಳೆದವರಿಗೆ ಇಂಥ ಜೊತೆಗಾರಿಕೆ ಹೊಸದಲ್ಲ. ಅಲ್ಲಿ ಮಾತಿನ ವರಸೆ ಹೆಚ್ಚು. ಇಲ್ಲಿ ಮಾತು ಕಡಿಮೆ, ಎಡವುವುದು ಹೆಚ್ಚು. ಇಂಗ್ಲಿಷ್ ಬಾರದ ನಮ್ಮ ಅತ್ತೆಯವರಿಗೂ ಒಂದೇ ಒಂದು ಸಲ ಅರ್ಥ ಹೇಳಬೇಕಾಗಿ ಬರಲಿಲ್ಲ.

1980ರ ದಶಕದಲ್ಲಿ ಟೀವಿಯನ್ನೂ ವಿಸಿಆರನ್ನೂ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದೊಡ್ಡವರಿಗೆ ಎರಡೋ ಮೂರೋ ಸಿನಿಮಾ, ಮಕ್ಕಳ ಬಾಯಿ ಮುಚ್ಚಿಸಲು ಒಂದು ಲಾರೆಲ್-ಹಾರ್ಡಿ ಕ್ಯಾಸೆಟ್. ಪ್ರತಿಯ ಪ್ರತಿಯಾದ ಆ ಕ್ಯಾಸೆಟ್ಟಿನಲ್ಲಿ ಮುಖವೆಲ್ಲ ಬಿಳಿಚಿ, ಕಣ್ಣಿದ್ದ ಕಡೆ ಎರಡು ಮಸಿಚುಕ್ಕೆ ಕಂಡರೆ ಪುಣ್ಯ. ಅದೇ ದಶಕದಲ್ಲಿ ಅಮೆರಿಕದಲ್ಲಿ ಕೆಲವು ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ಬಳಿದೂ ಮಾರಿದರು. ಆಮೇಲೆ ಡಿವಿಡಿ ಬಂತು. 2020ರಲ್ಲಿ ಹಳೆಯ ಫಿಲ್ಮುಗಳನ್ನು ಹುಡುಕಿ, ತೊಳೆದು, ಕಲೆ ತೆಗೆದು ಸಿದ್ಧಪಡಿಸಿದ ಬ್ಲೂರೇ ಡಿಸ್ಕುಗಳ ಪೆಟ್ಟಿಗೆಯೊಂದು ಹೊರಬಂತು. 1927ರ 'ದಿ ಬ್ಯಾಟಲ್ ಆಫ್ ದಿ ಸೆಂಚುರಿ'ಯ ಎರಡನೆಯ ರೀಲು, ಬೀದಿಗೆ ಬೀದಿಯೇ ಕ್ರೀಮಿನ ಕಡುಬು ಎಸೆದಾಡುವ ಆ ಹೆಸರಾಂತ ಭಾಗ, ದಶಕಗಳ ಕಾಲ ತುಣುಕುಗಳಲ್ಲಷ್ಟೇ ಉಳಿದಿತ್ತು. 2015ರಲ್ಲಿ ಅದು ಪತ್ತೆಯಾಯಿತು. ಈಗ ಆ ಪೆಟ್ಟಿಗೆಯಲ್ಲಿದೆ.

ಚಿತ್ರ ನಿಚ್ಚಳವಾದ ಮೇಲೆ ನನಗೆ ಮೊದಲು ಕಂಡದ್ದು ಹಾರ್ಡಿಯ ಕಣ್ಣು. ಲಾರೆಲ್ ಏನಾದರೊಂದು ಅವಾಂತರ ಮಾಡುತ್ತಾನೆ. ಹಾರ್ಡಿ ಸುಣ್ಣದ ಬಕೆಟ್ಟಿನಲ್ಲೋ ಕೆಸರಿನಲ್ಲೋ ಕೂತಿರುತ್ತಾನೆ. ಬಯ್ಯುವುದಿಲ್ಲ, ಏಳುವುದಿಲ್ಲ. ಮೆಲ್ಲಗೆ ಮುಖ ತಿರುಗಿಸಿ ಕ್ಯಾಮೆರಾದೊಳಗೆ, ಅಂದರೆ ನೇರ ನಮ್ಮನ್ನೇ, ನೋಡುತ್ತಾನೆ. ಆ ನೋಟ ಬಹಳ ಹೊತ್ತು ನಿಲ್ಲುತ್ತದೆ. ಅದಕ್ಕೆ ಕಾರಣವೂ ಇದೆ. ಈ ಚಿತ್ರಗಳನ್ನು ಬಿಡುಗಡೆಗೆ ಮೊದಲೇ ಪ್ರೇಕ್ಷಕರಿಗೆ ತೋರಿಸಿ, ನಗು ಎಲ್ಲೆಲ್ಲಿ ಬಂತು, ಎಷ್ಟು ಹೊತ್ತು ನಿಂತಿತು ಎಂದು ಗಮನಿಸಿ, ಅದಕ್ಕೆ ತಕ್ಕಂತೆ ಕತ್ತರಿಸುತ್ತಿದ್ದರು. ಆ ಕೆಲಸದ ಹಿಂದೆ ಇದ್ದ ತಲೆ ಲಾರೆಲ್ ಅವರದು. ಥಿಯೇಟರಿನ ನಗುವಿನಲ್ಲಿ ಮುಂದಿನ ಮಾತು ಮುಳುಗಿಹೋಗಬಾರದೆಂದು ಬಿಟ್ಟ ಜಾಗ ಅದು. ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಆ ಜಾಗ ಖಾಲಿ ಉಳಿಯುತ್ತದೆ. ಇದೇನು ಇಷ್ಟು ನಿಧಾನ ಎನಿಸಿ ಕೈ ರಿಮೋಟಿನತ್ತ ಹೋಗುತ್ತದೆ. ನಾಲ್ಕು ಜನ ಕೂತರೆ ಅದೇ ಜಾಗ ತುಂಬಿಕೊಳ್ಳುತ್ತದೆ.

ಆ ನೋಟವನ್ನು ನಾನು ಬೇರೆಲ್ಲೋ ನೋಡಿದ್ದೇನಲ್ಲ ಎಂದು ಯೋಚಿಸಿದೆ. ಹೌದು, ನಮ್ಮ ಮನೆಗಳಲ್ಲೇ! ಈಗಷ್ಟೇ ಒರೆಸಿದ ನೆಲದ ಮೇಲೆ ಮನೆಯ ಯಜಮಾನರು ಕೆಸರು ಚಪ್ಪಲಿಯಲ್ಲಿ ನಡೆದು ಬಂದಾಗ, ಮುನ್ಸೂಚನೆಯಿಲ್ಲದೆ ಆರು ಜನರನ್ನು ಊಟಕ್ಕೆ ಕರೆತಂದಾಗ, ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಗಸು ಪಕ್ಕದಲ್ಲಿರುವ ಇನ್ನೊಬ್ಬ ಹೆಂಗಸಿನ ಕಡೆ ನೋಡುವ ನೋಟ ಅದು. 'ನೋಡಿದೆಯಾ ನನ್ನ ಪಾಡು' ಎಂದಷ್ಟೇ ಅದರ ಅರ್ಥ. ನಾನೂರು ಕಿಲೋ ಗತ್ತಿನ ಆ ಗಂಡಸು ನಮ್ಮ ನೋಟವನ್ನೇ ನಮಗೆ ಕಳಿಸುತ್ತಿದ್ದಾನೆ! ನಾವು ಇಷ್ಟು ಬೇಗ ಅವನ ಪಕ್ಷ ಸೇರಿಬಿಡುವುದು ಇದರಿಂದಲೇ ಇರಬೇಕು.

1932ರ 'ಹೆಲ್ಪ್‌ಮೇಟ್ಸ್' ನೋಡಿ. ಹೆಂಡತಿ ಊರಿಗೆ ಹೋದಾಗ ಹಾರ್ಡಿ ಮನೆಯಲ್ಲಿ ಪಾರ್ಟಿ ಮಾಡಿದ್ದಾನೆ. ಮಧ್ಯಾಹ್ನವೇ ಬರುತ್ತಿದ್ದೇನೆಂದು ಅವಳ ತಂತಿ ಬರುತ್ತದೆ. ಮನೆಯೋ ಸಂತೆ ಮುಗಿದ ಮೈದಾನ. ಲಾರೆಲ್ಲನ್ನು ಸಹಾಯಕ್ಕೆ ಕರೆಯುತ್ತಾನೆ. ತೊಳೆದಿಟ್ಟ ಪಾತ್ರೆಯ ರಾಶಿಯ ಮೇಲೆ ಹಾರ್ಡಿಯೇ ಬೀಳುತ್ತಾನೆ. ಮೈಗೆ ಮಸಿ, ಮೇಲೆ ಹಿಟ್ಟು. ಒಂದರ ಹಿಂದೆ ಒಂದು ಬಟ್ಟೆ ಹಾಳಾಗಿ ಕೊನೆಗೆ ವೇಷದ ಉಡುಪೊಂದೇ ಉಳಿಯುತ್ತದೆ. ಅದನ್ನೇ ತೊಟ್ಟು ಹೆಂಡತಿಯನ್ನು ಕರೆತರಲು ಹೋದವನು ಒಬ್ಬನೇ ಕಣ್ಣು ಊದಿಸಿಕೊಂಡು ಬರುತ್ತಾನೆ. ಅಷ್ಟರಲ್ಲಿ ಲಾರೆಲ್ ಬೆಂಕಿ ಹಚ್ಚಲು ಹೋಗಿ ಮನೆಯನ್ನೇ ಸುಟ್ಟಿದ್ದಾನೆ. ಸೂರಿಲ್ಲದ ಮನೆಯಲ್ಲಿ ಕುರ್ಚಿಯ ಮೇಲೆ ಕೂತ ಹಾರ್ಡಿ, ಹೊರಟ ಗೆಳೆಯನಿಗೆ ಬಾಗಿಲು ಹಾಕಿಕೊಂಡು ಹೋಗೆನ್ನುತ್ತಾನೆ. ಮಳೆ ಸುರಿಯತೊಡಗುತ್ತದೆ.

ಮನೆಗೆಲಸದ ಬಗ್ಗೆ ಗಂಡಸರು ತೆಗೆದ ಚಿತ್ರಗಳಲ್ಲಿ ಇದಕ್ಕಿಂತ ನಿಜವಾದದ್ದನ್ನು ನಾನು ನೋಡಿಲ್ಲ. ಮಾಡಿದ ಕೆಲಸ ಮಾಡಿದಷ್ಟೇ ಬೇಗ ಕೆಡುತ್ತದೆ, ಮುಗಿಯಿತೆನ್ನುವ ಗಳಿಗೆಯೇ ಬರುವುದಿಲ್ಲ ಎಂಬುದನ್ನು ಇಪ್ಪತ್ತು ನಿಮಿಷದಲ್ಲಿ ತೋರಿಸಿಬಿಡುತ್ತಾರೆ. ನಮಗೆ ವರ್ಷವಿಡೀ ಇರುವುದು ಅವರಿಗೆ ಒಂದು ಬೆಳಿಗ್ಗೆ. ಅಷ್ಟಕ್ಕೇ ಮನೆ ಸುಟ್ಟುಹೋಯಿತು!

ಇಷ್ಟು ಹೊಗಳಿದ ಮೇಲೆ ತಕರಾರನ್ನೂ ಹೇಳಬೇಕು. ಆ ಹೆಂಡತಿ ಯಾರು? ಪಾರ್ಟಿಯಲ್ಲಿ ಅವಳಿಗೆ ಪಾಲಿರಲಿಲ್ಲ, ಸುಟ್ಟದ್ದು ಅವಳ ಮನೆಯೂ ಹೌದು. ಆದರೆ ಕಥೆಯಲ್ಲಿ ಅವಳಿಗಿರುವ ಕೆಲಸ ಗಂಡನ ಕಣ್ಣು ಊದಿಸುವುದಷ್ಟೆ. ಇವರ ಎಷ್ಟೋ ಚಿತ್ರಗಳಲ್ಲಿ ಹೆಂಡತಿಯೆಂದರೆ ಗದರುವ ದನಿ, ಎತ್ತಿದ ಕೈ. ಗಂಡಸರಿಬ್ಬರೂ ಮಕ್ಕಳಾಗಿಯೇ ಉಳಿಯಬೇಕಾದರೆ ಬೆತ್ತ ಹಿಡಿದ ಮೇಡಂ ಒಬ್ಬಳು ಬೇಕಲ್ಲ! ಎಲ್ಲಕ್ಕಿಂತ ಹೆಚ್ಚಾಗಿ, ನಾನು ನೋಡಿದ ಚಿತ್ರಗಳಲ್ಲಿ ಹೆಂಡತಿ ಒಮ್ಮೆಯಾದರೂ ಹಾರ್ಡಿಯಂತೆ ನಮ್ಮತ್ತ ತಿರುಗಿ ನೋಡಿದ್ದು ಕಾಣಲಿಲ್ಲ. 'ನೋಡಿದೆಯಾ ನನ್ನ ಪಾಡು' ಎನ್ನುವ ಹಕ್ಕು ನಿಜವಾಗಿ ಯಾರದೋ ಅವರಿಗೇ ಇಲ್ಲ.

ಆಸ್ಕರ್ ಪಡೆದ 1932ರ 'ದಿ ಮ್ಯೂಸಿಕ್ ಬಾಕ್ಸ್' ಎಲ್ಲರಿಗೂ ಗೊತ್ತು. ಪಿಯಾನೋ ಇರುವ ಪೆಟ್ಟಿಗೆಯನ್ನು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಸುವುದು, ಅದು ಉರುಳುವುದು, ಮತ್ತೆ ಹತ್ತಿಸುವುದು. ಆ ಪಿಯಾನೋ ಕೊಂಡವರು ಯಾರೆಂದು ಕೇಳಿದರೆ ಹೆಚ್ಚಿನವರು ತಲೆ ಕೆರೆಯುತ್ತಾರೆ. ಚಿತ್ರ ಶುರುವಾಗುವುದೇ ಅಲ್ಲಿ: ಗಂಡನ ಹುಟ್ಟುಹಬ್ಬಕ್ಕೆ ಗುಟ್ಟಾಗಿ ಉಡುಗೊರೆ ಕೊಡಬೇಕೆಂದು ಹೆಂಗಸೊಬ್ಬಳು ಅಂಗಡಿಗೆ ಬರುತ್ತಾಳೆ. ಕೊನೆಗೆ ಪಿಯಾನೋ ಕಂಡರಾಗದ ಆ ಗಂಡ ಕೊಡಲಿ ತಂದು ಅದನ್ನು ಕೊಚ್ಚಿಹಾಕುತ್ತಾನೆ. ಬಂದ ಹೆಂಡತಿ ಅಳುತ್ತಾಳೆ. ನಾವೆಲ್ಲ ಕೊಡಲಿಯೇಟಿಗೆ ನಗುತ್ತಿದ್ದಾಗ ನಮ್ಮ ಅತ್ತೆಯವರು, "ಪಾಪ, ಅವಳ ದುಡ್ಡು ಹೋಯಿತಲ್ಲೇ" ಎಂದರು. ಯಾವ ವಿಮರ್ಶಕರೂ ಇದಕ್ಕಿಂತ ಚುಟುಕಾಗಿ ಹೇಳಲಾರರು.

ಹಾಗಾದರೆ ನಗಬಾರದೇ? ನನಗೆ ಉತ್ತರ ಸಿಕ್ಕಿದ್ದು 1933ರ 'ಸನ್ಸ್ ಆಫ್ ದಿ ಡೆಸರ್ಟ್' ಚಿತ್ರದಲ್ಲಿ. ತಮ್ಮ ಸಂಘದ ಸಮ್ಮೇಳನಕ್ಕೆ ಶಿಕಾಗೋಗೆ ಹೋಗಲು ಹೆಂಡತಿ ಬಿಡುವುದಿಲ್ಲ. ಹಾರ್ಡಿ ಕಾಯಿಲೆಯ ನಾಟಕ ಹೂಡುತ್ತಾನೆ. ಸಮುದ್ರಯಾನವೇ ಮದ್ದು ಎನ್ನಲು ಕರೆತಂದ ಡಾಕ್ಟರು ದನಕರುಗಳ ಡಾಕ್ಟರು! ಹೊನೊಲುಲುಗೆ ಎಂದು ಹೇಳಿ ಇಬ್ಬರೂ ಶಿಕಾಗೋಗೆ ಪರಾರಿ. ಇತ್ತ ಹೊನೊಲುಲುವಿನ ಹಡಗು ಮುಳುಗಿದ ಸುದ್ದಿ ಬರುತ್ತದೆ. ಕಂಗಾಲಾದ ಹೆಂಡತಿಯರು ಮನಸ್ಸಿನ ಸಮಾಧಾನಕ್ಕೆಂದು ಸಿನಿಮಾಕ್ಕೆ ಹೋದರೆ, ಅಲ್ಲಿ ಸುದ್ದಿಚಿತ್ರದಲ್ಲಿ ಶಿಕಾಗೋದ ಮೆರವಣಿಗೆ. ಅದರಲ್ಲಿ ತಮ್ಮ ಗಂಡಂದಿರು, ಕ್ಯಾಮೆರಾ ಕಂಡು ಹಲ್ಲುಕಿರಿಯುತ್ತ!

ಗಮನಿಸಿದಿರಾ? ಎಲ್ಲ ಚಿತ್ರಗಳಲ್ಲೂ ನಮ್ಮತ್ತ ತಿರುಗುತ್ತಿದ್ದ ಹಾರ್ಡಿಯ ಮುಖ ಈ ಸಲ ತಿರುಗಿದ್ದು ಹೆಂಡತಿಯತ್ತ. ಪ್ರೇಕ್ಷಕರ ಕುರ್ಚಿಯಲ್ಲಿ ಕೂತಿರುವವಳು ಅವಳು. ನೋಡುವ ಹಕ್ಕು ಒಮ್ಮೆಯಾದರೂ ಅವಳ ಪಾಲಿಗೆ ಬಂತು. ಆಮೇಲೆ ಅತ್ತು ನಿಜ ಒಪ್ಪಿದ ಲಾರೆಲ್ಲನಿಗೆ ಅವನ ಹೆಂಡತಿಯಿಂದ ಉಪಚಾರ, ಕೊನೆಯವರೆಗೂ ಸುಳ್ಳು ಹೇಳಿದ ಹಾರ್ಡಿಗೆ ಪಾತ್ರೆಪಗಡೆಗಳ ಸುರಿಮಳೆ. ಮೇ ಬುಷ್ ಎಂಬ ನಟಿ ಪಾತ್ರೆ ಎಸೆಯುವಾಗ ನನಗೆ ಪೊರಕೆಯ ನೆನಪೇ ಬರಲಿಲ್ಲ. ಇಲ್ಲಿ ಚಿತ್ರವೇ ಲೆಕ್ಕ ಇಟ್ಟಿದೆ, ನ್ಯಾಯವಾಗಿಯೇ ಇಟ್ಟಿದೆ. ಈ ಜೋಡಿಯ ಒಳ್ಳೆಯ ಚಿತ್ರಗಳಿಗೂ ಸಾಧಾರಣ ಚಿತ್ರಗಳಿಗೂ ನಾನು ಕಾಣುವ ವ್ಯತ್ಯಾಸ ಇದೇ. ಸಾಧಾರಣ ಚಿತ್ರದಲ್ಲಿ ಹೆಂಡತಿ ಬರೀ ಬೆತ್ತ. ಒಳ್ಳೆಯದರಲ್ಲಿ ಅವಳಿಗೂ ಕಣ್ಣಿದೆ, ಕಾರಣವಿದೆ.

ಹಾಸ್ಯವನ್ನು ತಕ್ಕಡಿಯಲ್ಲಿಟ್ಟು ತೂಗಬೇಡಿ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ತೂಗಿದ ಮೇಲೂ ಉಳಿಯುವ ನಗು ಗಟ್ಟಿಯಾದದ್ದು. ತೊಂಬತ್ತು ವರ್ಷ ದಾಟಿದ ಈ ಮೂರು ಚಿತ್ರಗಳಲ್ಲಿ ಅಂಥ ನಗು ಬೇಕಾದಷ್ಟಿದೆ. ನೋಡುವುದಾದರೆ ಇವುಗಳಿಂದಲೇ ಶುರುಮಾಡಿ. ಬಣ್ಣ ಬಳಿದದ್ದು ಬೇಡ, ಕಪ್ಪುಬಿಳುಪೇ ಇರಲಿ. ಫೋನಿನಲ್ಲಿ ಒಬ್ಬರೇ ನೋಡಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಹಾರ್ಡಿ ನಮ್ಮತ್ತ ತಿರುಗಿದಾಗ ನಗಲು ಬಿಟ್ಟ ಜಾಗದಲ್ಲಿ ಪೂರ್ತಿ ನಗಿ. ಚಿತ್ರ ಮುಗಿದ ಮೇಲೆ ಕಾಫಿ ಲೋಟ ಎತ್ತಿ ತೊಳೆದಿಡುವ ಕೆಲಸವನ್ನು ಆ ದಿನದ ಮಟ್ಟಿಗೆ ಗಂಡಸರಿಗೆ ಒಪ್ಪಿಸಿ. ಒಂದೆರಡು ಒಡೆದರೂ ಚಿಂತೆಯಿಲ್ಲ, ಪೊರಕೆ ಎಲ್ಲಿದೆಯೆಂದು ತೋರಿಸಿದರಾಯಿತು.