ದ್ರಾಕ್ಷಿ ತೋಟದ ಕಲ್ಲುಕಂಬ

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟವೊಂದು ಲೇಔಟ್ ಆದರೆ ಬಳ್ಳಿ ಒಲೆಗೆ ಹೋಗುತ್ತದೆ, ತಂತಿ ಗುಜರಿಗೆ. ಉಳಿಯುವುದು ಕಲ್ಲುಕಂಬ. ಹಿತ್ತಲಲ್ಲಿ ಚಪ್ಪರ ಹಾಕುವ ಆಸೆಯಿದ್ದವರಿಗೆ ಇದಕ್ಕಿಂತ ಒಳ್ಳೆಯ ಹಳೇ ಮಾಲು ಸಿಗುವುದಿಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯ ಗೊಂಚಲು ಹೊತ್ತು ಮಳೆ ಗಾಳಿಗೆ ಜಗ್ಗದೆ ನಿಂತ ಕಂಬಕ್ಕೆ ನಿಮ್ಮ ತೊಂಡೆಬಳ್ಳಿ ಯಾವ ಲೆಕ್ಕ?

ಕೊಳ್ಳುವ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಕಂಬ ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಮಂಕು. 9 ಅಡಿ ಕಂಬದಲ್ಲಿ 2 ಅಡಿಯಾದರೂ ನೆಲದೊಳಗಿರಲಿ. ಮಿಕ್ಕ 7 ಅಡಿಯಲ್ಲಿ ತಲೆ ಬಗ್ಗಿಸದೆ ಓಡಾಡಬಹುದು. ಗುಂಡಿಗೆ ಕಾಂಕ್ರೀಟ್ ಸುರಿಯಬೇಕೆಂದೇನಿಲ್ಲ. ಕಲ್ಲುಚೂರು, ಮಣ್ಣು ಪದರ ಪದರವಾಗಿ ಹಾಕಿ ಗುದ್ದಿದರೆ ಸಾಕು. ನಾಳೆ ಜಾಗ ಬದಲಿಸಬೇಕೆನಿಸಿದರೆ ಕಿತ್ತು ನೆಡಬಹುದು.

ಮೇಲಕ್ಕೆ ಕೆಡವಿದ ಮನೆಯ ಜಂತೆಗಳು. ತೇಗ, ಹೊನ್ನೆ, ಹಲಸು ಯಾವುದಾದರೂ ಆದೀತು. ಮರ ಮಣ್ಣಿಗೆ ತಾಗದಿರುವುದೇ ಈ ಜೋಡಿಯ ಹೆಚ್ಚುಗಾರಿಕೆ: ಗೆದ್ದಲು ಕಲ್ಲನ್ನು ಏರಿ ಬಂದರೂ ಅದರ ಮಣ್ಣುಗೆರೆ ಕಣ್ಣಿಗೆ ಬೀಳುತ್ತದೆ, ಒರೆಸಿ ಹಾಕಬಹುದು. ಗರಗಸ ಹಾಕುವ ಮುನ್ನ ಹಳೇ ಮೊಳೆಗಳನ್ನು ಹುಡುಕಿ ಕೀಳಿಸಿ, ಇಲ್ಲದಿದ್ದರೆ ಬಡಗಿ ಮತ್ತೆ ನಿಮ್ಮ ಮನೆ ಕಡೆ ತಲೆ ಹಾಕುವುದಿಲ್ಲ.

ಮಂಗಳೂರು ಹೆಂಚಿನ ಮೋಹ ನನಗೂ ಉಂಟು. 1865ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಕಾರ್ಖಾನೆಯ ಮುದ್ರೆಯಿರುವ ಹೆಂಚು ಕೈಗೆ ಬಂದರೆ ಬಿಡಲು ಯಾರಿಗೆ ಮನಸ್ಸಾದೀತು! ಆದರೆ ಒಂದೊಂದು ಹೆಂಚೂ ಎರಡು ಕಿಲೋಗೆ ಮೇಲೆ. 10 ಅಡಿ ಚೌಕದ ಮಾಡಿಗೆ 140ರಷ್ಟು ಬೇಕು. ಬಳ್ಳಿಯ ಚಪ್ಪರಕ್ಕೆ ಆ ಭಾರ ದಂಡ. ಪಾತಿಯ ಅಂಚಿಗೆ ಸಾಲಾಗಿ ಹೂಳಿ, ಅಲ್ಲಿ ಲಕ್ಷಣವಾಗಿ ಕಾಣುತ್ತವೆ. ಹಳೇ ರೈಲ್ವೆ ಸ್ಲೀಪರ್ ಮಾತ್ರ ತರಕಾರಿ ಪಾತಿಯ ಹತ್ತಿರ ಬೇಡ. ಹುಳು ಹತ್ತದಿರಲೆಂದು ಆ ಮರಕ್ಕೆ ಕುಡಿಸಿರುವ ಕ್ರಿಯೋಸೋಟ್ ವಿಷ.

ಕೆತ್ತನೆಯ ಬಾಗಿಲನ್ನು ಗೋಡೆಗೆ ಒರಗಿಸಿ, ಮುಂದೆ ಕುಂಡ ಜೋಡಿಸಿ, ಅದನ್ನೇ ತೋಟ ಎನ್ನುವವರಿದ್ದಾರೆ. ಹಳೆಯದನ್ನು ತಂದಮೇಲೆ ದುಡಿಸಬೇಕು; ಹೊರೆ ಹೊರದ ಕಂಬ ನನ್ನ ಪಾಲಿಗೆ ಬರೀ ಕಲ್ಲು.

ಕಂಬದ ದರ ಕುದುರಿಸುವ ಮೊದಲು ಸಾಗಣೆ, ಇಳಿಸುವ ಕೂಲಿ ಕೇಳಿಕೊಳ್ಳಿ. ಒಂದೊಂದೂ ನೂರು ಕಿಲೋ ಮೀರುತ್ತದೆ.