ಆರೋಪಕ್ಕೆ ಜವಾಬು ಎಲ್ಲಿ?

ಬಸವಕಲ್ಯಾಣ, ಹುಮನಾಬಾದಿನ ನ್ಯಾಯಾಲಯಗಳಲ್ಲಿ ‘ಮಿತಾಕ್ಷರ’ದ ಹೆಸರು ಕೇಳಿಬಂದರೆ ಅದು ಹೆಚ್ಚಾಗಿ ಪಾಲಿನ ದಾವೆಯಲ್ಲಿ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳಲಾಗದೆ ಕೋರ್ಟಿನ ಮೆಟ್ಟಿಲು ಹತ್ತಿದಾಗ ಪಿತ್ರಾರ್ಜಿತದ ಮಾತು ಬರುತ್ತದೆ, ಅದರ ಬೆನ್ನಿಗೆ ವಿಜ್ಞಾನೇಶ್ವರನೂ ಬರುತ್ತಾನೆ. ಆತ ಆ ಗ್ರಂಥ ಬರೆದದ್ದು ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಅದರ ಉತ್ತರಾಧಿಕಾರದ ಭಾಗವನ್ನು ಇಂಗ್ಲಿಷಿಗೆ ತಂದ, ಬ್ರಿಟಿಷರ ಕೋರ್ಟುಗಳು ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡವು. ದಾವೆ ಹೇಗಿರಬೇಕು, ಜವಾಬು ಹೇಗಿರಬೇಕು, ಪುರಾವೆಯ ಹೊರೆ ಯಾರ ಮೇಲೆ ಎಂದು ಆತ ಬಿಡಿಸಿ ಹೇಳಿದ ಪುಟಗಳು ಮಾತ್ರ ಸಂಸ್ಕೃತ ಪಂಡಿತರ ಪಾಲಿಗೆ ಉಳಿದವು.

ಆ ಪುಟಗಳನ್ನು ಕೈಯಲ್ಲಿಟ್ಟುಕೊಂಡು ಕಳೆದ ಮೂರು ದಶಕಗಳ ರಾಜಕೀಯ ಪದಚ್ಯುತಿಯ ವಿಚಾರಣೆಗಳನ್ನು ನೋಡಿದರೆ, ನಮ್ಮ ಹಿರಿಯ ವಕೀಲರ ವರಸೆಗಳು ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ. ಆರೋಪಕ್ಕೆ ಕೊಡಬಹುದಾದ ಉತ್ತರ ನಾಲ್ಕೇ ಬಗೆ ಎನ್ನುತ್ತಾನೆ ವಿಜ್ಞಾನೇಶ್ವರ. ಹೌದು ಎಂದು ಒಪ್ಪುವುದು, ಸುಳ್ಳು ಎಂದು ಅಲ್ಲಗಳೆಯುವುದು, ನಡೆದದ್ದು ನಿಜ ಆದರೆ ಅದಕ್ಕೆ ಬೇರೆ ಕಾರಣವಿದೆ ಎನ್ನುವುದು, ಈ ವಿಷಯ ಹಿಂದೆಯೇ ತೀರ್ಮಾನವಾಗಿದೆ ಎನ್ನುವುದು. ಉತ್ತರ ಯಾವುದೇ ಇರಲಿ, ಅದು ಆರೋಪವನ್ನು ಪೂರ್ತಿ ತಟ್ಟಬೇಕು, ಗೊಂದಲವಿಲ್ಲದಿರಬೇಕು. ಒಂದೇ ಜವಾಬಿನಲ್ಲಿ ಅಲ್ಲಗಳೆಯುವುದನ್ನೂ ಕಾರಣ ಹೇಳುವುದನ್ನೂ ಕಲಸಿದರೆ ಅದು ಜವಾಬೇ ಅಲ್ಲ, ಏಕೆಂದರೆ ಸಾಬೀತು ಮಾಡುವ ಹೊಣೆ ಯಾರದು ಎಂಬುದೇ ತಿಳಿಯದೆ ಹೋಗುತ್ತದೆ. ‘ಹಾಗೆ ಮಾಡಿಲ್ಲ, ಮಾಡಿದ್ದರೂ ತಪ್ಪಲ್ಲ, ತಪ್ಪಾದರೂ ಕೇಳಲು ನಿಮಗೆ ಅಧಿಕಾರವಿಲ್ಲ’ ಎಂಬ ಮೂರಂತಸ್ತಿನ ವಾದವೇ ಇಂದಿನ ವಕೀಲಿಕೆಯ ದಿನಚರಿ ಎಂಬುದನ್ನು ನೆನೆದರೆ ಈ ಕಟ್ಟಳೆಯ ಬಿಗಿ ಗೊತ್ತಾಗುತ್ತದೆ.

ಭಾರತದಲ್ಲಿ ರಾಜಕಾರಣಿಯ ಮೇಲೆ ಮಹಾಭಿಯೋಗ ಎಂಬುದು ರಾಷ್ಟ್ರಪತಿಗೆ ಮಾತ್ರ, ಅದೂ ಇಂದಿನವರೆಗೆ ನಡೆದಿಲ್ಲ. ಉಳಿದಂತೆ ಅದು ನ್ಯಾಯಮೂರ್ತಿಗಳಿಗೆ. ಶಾಸಕನ ವಿಷಯದಲ್ಲಿ ಅದಕ್ಕೆ ಹತ್ತಿರವಾದದ್ದು 1985ರ ಪಕ್ಷಾಂತರ ನಿಷೇಧ ಕಾನೂನು, ಅಂದರೆ ಸಂವಿಧಾನದ ಹತ್ತನೆಯ ಅನುಸೂಚಿ. ಅಲ್ಲಿ ನ್ಯಾಯಾಧೀಶನ ಸ್ಥಾನದಲ್ಲಿ ಕೂರುವವರು ಸಭಾಧ್ಯಕ್ಷರು. ಈ ನ್ಯಾಯಪೀಠದ ಆಟವನ್ನು ಕರ್ನಾಟಕದಷ್ಟು ಹತ್ತಿರದಿಂದ ಕಂಡ ರಾಜ್ಯಗಳು ಕಡಿಮೆ.

ಆದರೆ ಪದಚ್ಯುತಿಯ ವಿಚಾರಣೆಯ ವಕೀಲಿಕೆಗೆ ಮಾದರಿ ಸಿಕ್ಕಿದ್ದು ದೆಹಲಿಯಲ್ಲಿ, 1993ರ ಮೇ ತಿಂಗಳಲ್ಲಿ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಮೇಲಿನ 14 ಆರೋಪಗಳಲ್ಲಿ 11 ಸಾಬೀತಾಗಿವೆ ಎಂದು ನ್ಯಾಯಮೂರ್ತಿ ಪಿ.ಬಿ. ಸಾವಂತ್ ನೇತೃತ್ವದ ಸಮಿತಿ ಹೇಳಿತ್ತು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಸರ್ಕಾರಿ ದುಡ್ಡಿನಲ್ಲಿ ಮನೆಗೆ ಪೀಠೋಪಕರಣ, ಜಮಖಾನೆಗಳನ್ನು ಅತಿಯಾಗಿ ಕೊಂಡರು ಎಂಬುದು ಆರೋಪದ ತಿರುಳು. ಸೋಮನಾಥ ಚಟರ್ಜಿ ಲೋಕಸಭೆಯಲ್ಲಿ ನಿರ್ಣಯ ಮಂಡಿಸಿದರು. ರಾಮಸ್ವಾಮಿ ಪರ ಕಪಿಲ್ ಸಿಬಲ್ ಸದನದ ಕಟಕಟೆಯಲ್ಲಿ ನಿಂತು ಗಂಟೆಗಟ್ಟಲೆ ಮಾತಾಡಿದರು, ದೂರದರ್ಶನ ಅದನ್ನು ನೇರವಾಗಿ ತೋರಿಸಿತು. ಖರೀದಿ ಮಾಡಿದ್ದು ಯಾರು, ಸಹಿ ಹಾಕಿದ್ದು ಯಾರು, ಅಧಿಕಾರಿಗಳು ಮಾಡಿದ್ದಕ್ಕೆ ನ್ಯಾಯಮೂರ್ತಿ ಹೊಣೆಯೇ ಎಂದು ಒಂದೊಂದು ರಸೀದಿಯ ಎಳೆ ಬಿಡಿಸಿದ ಆ ವಾದ ಇಂದಿಗೂ ಪಾಂಡಿತ್ಯದ ಪ್ರದರ್ಶನ. ಆದರೆ ಸಿಬಲ್ ಅವರಿಗೆ ಸದನವನ್ನು ಒಪ್ಪಿಸುವ ಅಗತ್ಯವೇ ಇರಲಿಲ್ಲ. ಆಳುವ ಕಾಂಗ್ರೆಸ್ಸಿಗೆ ತಟಸ್ಥವಾಗಿರಲು ಒಂದು ಮರ್ಯಾದೆಯ ನೆಪ ಸಿಕ್ಕರೆ ಸಾಕಿತ್ತು. ನಿರ್ಣಯದ ಪರ 196 ಮತ, ವಿರುದ್ಧ ಒಂದೂ ಇಲ್ಲ, ತಟಸ್ಥರು 205. ಯಾರೂ ನಿರಪರಾಧಿ ಎನ್ನಲಿಲ್ಲ, ಆದರೂ ಆರೋಪಿ ಉಳಿದುಕೊಂಡರು.

ಅಮೆರಿಕದಲ್ಲಿ 2021ರ ಫೆಬ್ರವರಿಯ ಮಹಾಭಿಯೋಗದಲ್ಲಿ ಡೊನಾಲ್ಡ್ ಟ್ರಂಪ್ ಪರ ವಕೀಲರು ಹಿಡಿದ ದಾರಿಯೂ ಇದರ ಸೋದರಸಂಬಂಧಿಯೇ. ಅಧಿಕಾರದಿಂದ ಇಳಿದವರನ್ನು ವಿಚಾರಿಸಲು ಸೆನೆಟ್‌ಗೆ ಹಕ್ಕಿಲ್ಲ ಎಂಬ ವಾದ ಮುಂದಿಟ್ಟರು. 57 ಜನ ದೋಷಿ ಎಂದರು, 43 ಜನ ಅಲ್ಲ ಎಂದರು, ಬೇಕಿದ್ದ ಮೂರನೇ ಎರಡು ಬಹುಮತ ದಕ್ಕಲಿಲ್ಲ.

ಈಗ ಬೆಂಗಳೂರಿಗೆ ಬರೋಣ. 2010ರ ಅಕ್ಟೋಬರ್ 6ರಂದು ಬಿಜೆಪಿಯ ಒಂದು ಗುಂಪು ಮತ್ತು ಐವರು ಪಕ್ಷೇತರರು ಮುಖ್ಯಮಂತ್ರಿ ಯಡಿಯೂರಪ್ಪ ಅವರ ಮೇಲೆ ವಿಶ್ವಾಸವಿಲ್ಲವೆಂದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ಅದೇ ದಿನ ಯಡಿಯೂರಪ್ಪ ಪಕ್ಷಾಂತರದ ಆರೋಪ ಹೊರಿಸಿ ಸಭಾಧ್ಯಕ್ಷ ಕೆ.ಜಿ. ಬೋಪಯ್ಯ ಅವರಿಗೆ ದೂರು ಕೊಟ್ಟರು. ಶಾಸಕರು ಊರಲ್ಲಿರಲಿಲ್ಲ, ನೋಟಿಸನ್ನು ಅವರ ವಸತಿಯ ಬಾಗಿಲಿಗೆ ಅಂಟಿಸಲಾಯಿತು. ಉತ್ತರ ಕೊಡಲು ನಿಯಮದ ಪ್ರಕಾರ ಏಳು ದಿನ, ಸಿಕ್ಕಿದ್ದು ಅಕ್ಟೋಬರ್ 10ರ ಸಂಜೆ 5ರವರೆಗೆ. ಅಂದು ರಾತ್ರಿಯೇ 11 ಬಿಜೆಪಿ ಶಾಸಕರೂ ಐವರು ಪಕ್ಷೇತರರೂ ಅನರ್ಹರಾದರು. ಮರುದಿನವೇ ಸದನದಲ್ಲಿ ವಿಶ್ವಾಸಮತ. ಬಾಗಿಲಿಗೆ ಅಂಟಿಸಿದ ಕಾಗದದಿಂದ ವಿಶ್ವಾಸಮತದವರೆಗಿನ ಈ ಓಟದಲ್ಲಿ ವಕೀಲರಿಗೆ ಉಸಿರಾಡಲು ಬಿಡುವು ಇರಲಿಲ್ಲ.

ಶಾಸಕರ ಪರ ವಕೀಲರು ಸಮಯ ಸಾಲಲಿಲ್ಲ ಎಂದದ್ದು ಸಹಜ. ಅದು ಎಲ್ಲ ವಕೀಲರೂ ಹಿಡಿಯುವ ಮೊದಲ ಕೊಂಬೆ. ಮೆಚ್ಚಬೇಕಾದದ್ದು, ಅವರು ಅಲ್ಲಿಗೇ ನಿಲ್ಲದೆ ಪತ್ರವನ್ನೇ ಎದುರಿಗಿಟ್ಟುಕೊಂಡದ್ದು. ಪತ್ರ ಬರೆದದ್ದು ನಿಜ, ವಿಶ್ವಾಸವಿಲ್ಲ ಎಂದದ್ದೂ ನಿಜ. ಆದರೆ ಅದು ಮುಖ್ಯಮಂತ್ರಿಯ ವಿರುದ್ಧ, ಪಕ್ಷದ ವಿರುದ್ಧವಲ್ಲ, ಬೇರೆ ನಾಯಕನ ಕೆಳಗೆ ಬಿಜೆಪಿ ಸರ್ಕಾರವನ್ನು ಬೆಂಬಲಿಸುತ್ತೇವೆ ಎಂದರು. ಇದು ವಿಜ್ಞಾನೇಶ್ವರ ಹೇಳಿದ ಮೂರನೆಯ ಬಗೆಯ ಉತ್ತರ, ಮತ್ತು ಅದು ಆರೋಪವನ್ನು ಪೂರ್ತಿ ತಟ್ಟುತ್ತದೆ. ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಗಿ ಪ್ರಕರಣ ಮೂರನೆಯವರ ಮುಂದೆ ಹೋಯಿತು, ಬಿಜೆಪಿ ಶಾಸಕರು ಅಲ್ಲಿ ಸೋತರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ರದ್ದು ಮಾಡಿತು. ಸಭಾಧ್ಯಕ್ಷರ ಆತುರವನ್ನು, ಶಾಸಕರಿಗೆ ಪ್ರತಿಯನ್ನೇ ಕೊಡದೆ ಆಗಿನ ರಾಜ್ಯ ಬಿಜೆಪಿ ಅಧ್ಯಕ್ಷ ಕೆ.ಎಸ್. ಈಶ್ವರಪ್ಪ ಅವರ ಪ್ರಮಾಣಪತ್ರವನ್ನು ನೆಚ್ಚಿಕೊಂಡದ್ದನ್ನು ಎತ್ತಿ ಹೇಳಿತು. ಕರ್ನಾಟಕದ ಪದಚ್ಯುತಿಯ ಕಥೆಗಳಲ್ಲಿ ಒಳ್ಳೆಯ ವಕೀಲಿಕೆ ಎಂದು ಬೆರಳಿಟ್ಟು ತೋರಿಸಬಹುದಾದದ್ದು ಇದೊಂದೇ.

ಅದಾದ ಮೇಲೆ ಬಂದದ್ದು ಬೇರೆ ತಳಿ.

2018ರ ಮೇ 17ರ ನಸುಕಿನಲ್ಲಿ, ರಾತ್ರಿ ಎರಡು ಗಂಟೆ ದಾಟಿದ ಮೇಲೆ, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಮುಂದೆ ಕಾಂಗ್ರೆಸ್ ಪರ ಅಭಿಷೇಕ್ ಮನು ಸಿಂಘ್ವಿ ನಿಂತರು. ಯಡಿಯೂರಪ್ಪ ಅವರನ್ನು ಸರ್ಕಾರ ರಚಿಸಲು ಕರೆದ ರಾಜ್ಯಪಾಲರ ನಿರ್ಧಾರವನ್ನು ಕೋರ್ಟು ತಡೆಯಬೇಕು ಎಂದರು. ಎದುರಿಗೆ ಬಿಜೆಪಿ ಶಾಸಕರ ಪರ ಮುಕುಲ್ ರೋಹಟಗಿ, ರಾಜ್ಯಪಾಲರ ಕೆಲಸಕ್ಕೆ ಕೋರ್ಟು ಅಡ್ಡ ಬರಬಾರದು ಎಂದರು. ಆ ಶಾಸಕರಲ್ಲಿ ಬಸವರಾಜ ಬೊಮ್ಮಾಯಿ ಕೂಡ ಒಬ್ಬರು. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕೆಂದು ಸಾರಿದ 1994ರ ತೀರ್ಪಿಗೆ ಹೆಸರು ಕೊಟ್ಟ ಎಸ್.ಆರ್. ಬೊಮ್ಮಾಯಿ ಅವರ ಮಗ. ಪ್ರಮಾಣವಚನ ನಿಲ್ಲಲಿಲ್ಲ. ಆದರೆ ಬಹುಮತ ತೋರಿಸಲು ರಾಜ್ಯಪಾಲ ವಜುಭಾಯಿ ವಾಲಾ ಕೊಟ್ಟಿದ್ದ 15 ದಿನ ಮರುದಿನವೇ ಕರಗಿ, ಮೇ 19ಕ್ಕೆ ಬಲಪರೀಕ್ಷೆ ನಿಗದಿಯಾಯಿತು.

ಒಂದು ವರ್ಷ ಕಳೆದು 2019ರ ಜುಲೈ. ಈಗ ರೋಹಟಗಿ ಆಗಿನ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದಿಂದ ಸಿಡಿದು ರಾಜೀನಾಮೆ ಕೊಟ್ಟ ಶಾಸಕರ ಪರ, ಸಿಂಘ್ವಿ ಸಭಾಧ್ಯಕ್ಷ ರಮೇಶ್ ಕುಮಾರ್ ಪರ. ಸಾಂವಿಧಾನಿಕ ಹುದ್ದೆಯಲ್ಲಿರುವವರಿಗೆ ಕೋರ್ಟು ಗಡುವು ಹಾಕಬೇಕು ಎಂದು ರೋಹಟಗಿ, ಹಾಕಬಾರದು ಎಂದು ಸಿಂಘ್ವಿ. ಕಕ್ಷಿದಾರ ಬದಲಾದರೆ ವಾದ ಬದಲಾಗುವುದು ವೃತ್ತಿಯ ಧರ್ಮ, ಅದನ್ನು ತಪ್ಪೆನ್ನಲಾಗದು. ಆದರೆ ಇಬ್ಬರೂ ಎರಡು ಸಲವೂ ಸಂವಿಧಾನದ ಆತ್ಮವೇ ತಮ್ಮ ಕಡೆ ಇದೆಯೆಂದು ವಾದಿಸಿದ್ದನ್ನು ಕೇಳಿಸಿಕೊಂಡವನಿಗೆ ಆ ಆತ್ಮಕ್ಕೂ ವಕಾಲತ್ತು ಇದೆಯೇನೋ ಎನಿಸಿದರೆ ಅವನ ತಪ್ಪಲ್ಲ.

‘ಮಿತಾಕ್ಷರ’ ವ್ಯಾಖ್ಯಾನಿಸುವ ಯಾಜ್ಞವಲ್ಕ್ಯ ಸ್ಮೃತಿ ದೋಷಿಯನ್ನು ಗುರುತಿಸುವ ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ. ಹಣೆ ಬೆವರುವುದು, ಮುಖ ಬಣ್ಣಗೆಡುವುದು, ತುಟಿಯಂಚನ್ನು ನೆಕ್ಕಿಕೊಳ್ಳುವುದು, ಒಂದೆಡೆ ನಿಲ್ಲದೆ ಇಲ್ಲಿಂದ ಅಲ್ಲಿಗೆ ಸರಿದಾಡುವುದು. ಕೊನೆಯ ಲಕ್ಷಣ ಓದುವಾಗ ಆ ಶಾಸಕರು ತಂಗಿದ್ದ ಮುಂಬೈ ಹೋಟೆಲು ನೆನಪಾಗದೆ ಇರದು. ಜುಲೈ 11ರಂದು ಸಂಜೆ 6ರೊಳಗೆ ಸಭಾಧ್ಯಕ್ಷರ ಮುಂದೆ ಹಾಜರಾಗಿ ಎಂದು ಸುಪ್ರೀಂ ಕೋರ್ಟು ಹೇಳಿದಾಗ ಶಾಸಕರು ಮುಂಬೈಯಿಂದ ವಿಮಾನದಲ್ಲಿ ಬಂದು, ವಿಧಾನಸೌಧದ ಪಡಸಾಲೆಯಲ್ಲಿ ಓಡಿ, ರಾಜೀನಾಮೆ ಬರೆದುಕೊಟ್ಟು, ಅಂದೇ ಹಿಂದಿರುಗಿದರು. ಮೊದಲು ಕೊಟ್ಟ ಪತ್ರಗಳಲ್ಲಿ ಎಂಟು ಸರಿಯಾದ ನಮೂನೆಯಲ್ಲಿಲ್ಲ ಎಂದು ರಮೇಶ್ ಕುಮಾರ್ ಹೇಳಿದ್ದರು. ಸರ್ಕಾರದ ಹಣೆಬರಹ ಅರ್ಜಿಯ ನಮೂನೆಗೆ ಬಂದು ನಿಂತಿತ್ತು.

ಒಟ್ಟು 17 ಶಾಸಕರನ್ನು ರಮೇಶ್ ಕುಮಾರ್ ಅನರ್ಹಗೊಳಿಸಿದರು, ವಿಧಾನಸಭೆಯ ಅವಧಿ ಮುಗಿಯುವವರೆಗೂ. ಸುಪ್ರೀಂ ಕೋರ್ಟಿನಲ್ಲಿ ಶಾಸಕರ ವಕೀಲರ ಮುಖ್ಯ ವಾದ: ಮೊದಲೇ ರಾಜೀನಾಮೆ ಕೊಟ್ಟಾಗಿದೆ, ಸದಸ್ಯರೇ ಅಲ್ಲದವರನ್ನು ಅನರ್ಹಗೊಳಿಸುವುದು ಹೇಗೆ? ಕೇಳಲು ಚೆನ್ನ. ಆದರೆ ಆರೋಪ ಇದ್ದದ್ದು ರಾಜೀನಾಮೆಗೆ ಮೊದಲಿನ ನಡತೆಯ ಮೇಲೆ. ಅದನ್ನು ಈ ವಾದ ಮುಟ್ಟಲೇ ಇಲ್ಲ. ಇನ್ನೂ ಸ್ವಾರಸ್ಯದ ಸಂಗತಿ ಸಭಾಧ್ಯಕ್ಷರ ಪೀಠದ್ದು. ಜುಲೈಯಲ್ಲಿ ಆ ಪೀಠದ ಪರ ಸಿಂಘ್ವಿ ಇದ್ದರು. ಸೆಪ್ಟೆಂಬರಿಗೆ ವಿಶ್ವೇಶ್ವರ ಹೆಗಡೆ ಕಾಗೇರಿ ಸಭಾಧ್ಯಕ್ಷರಾಗಿದ್ದರು, ಅವರ ಪರ ಬಂದ ತುಷಾರ್ ಮೆಹ್ತಾ ರಾಜೀನಾಮೆ ಕೊಡುವುದು ಶಾಸಕರ ಹಕ್ಕು, ವಿಷಯವನ್ನು ಮತ್ತೊಮ್ಮೆ ಪರಿಶೀಲಿಸಬಹುದು ಎಂದರು. ತೀರ್ಪು ಕೊಟ್ಟ ಪೀಠವೇ ತನ್ನ ತೀರ್ಪಿನ ಕೈಬಿಟ್ಟಿತು! ಕಾಂಗ್ರೆಸ್ ಪರ ಸಿಬಲ್ ಕಡೆಯವರದೂ ಒಂದು ಎಡವಟ್ಟು. ವಾದ ಮುಗಿದು ತೀರ್ಪು ಕಾಯ್ದಿರಿಸಿದ ಮೇಲೆ ಹುಬ್ಬಳ್ಳಿಯ ಸಭೆಯಲ್ಲಿ ಯಡಿಯೂರಪ್ಪ ಆಡಿದರೆನ್ನಲಾದ ಮಾತಿನ ಧ್ವನಿಮುದ್ರಣ ಹಿಡಿದು ಬಂದರು. ಪುರಾವೆಯ ಹೊತ್ತು ದಾಟಿತ್ತು. ನವೆಂಬರ್ 13ರಂದು ಅನರ್ಹತೆ ಉಳಿಯಿತು, 2023ರವರೆಗೆ ಚುನಾವಣೆಗೆ ನಿಲ್ಲಬಾರದೆಂಬ ನಿಷೇಧ ರದ್ದಾಯಿತು. ಎರಡೂ ಕಡೆಯವರು ಗೆದ್ದೆವೆಂದರು. ಮುಂಬೈ ಹೋಟೆಲಿನ ಬಿಲ್ಲು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಅಷ್ಟೂ ದಿನದ ವಾದದಿಂದ ಉತ್ತರ ಹುಟ್ಟಲಿಲ್ಲ.

ಇದು ಬೀದರ ಜಿಲ್ಲೆಗೆ ದೂರದ ಕಥೆಯಲ್ಲ. ಹುಮನಾಬಾದಿನ ನೆರೆಯ ಚಿಂಚೋಳಿಯ ಶಾಸಕ ಉಮೇಶ ಜಾಧವ 2019ರ ಮಾರ್ಚ್ 4ರಂದು ಕೊಟ್ಟ ರಾಜೀನಾಮೆಯನ್ನು ಇದೇ ರಮೇಶ್ ಕುಮಾರ್ ವಿಚಾರಣೆ ನಡೆಸಿ ಅಂಗೀಕರಿಸಿದ್ದು ಏಪ್ರಿಲ್ 1ರಂದು. ಜಾಧವ ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರನ್ನು ಸೋಲಿಸಿದರು. ಅನರ್ಹರ 17 ಕ್ಷೇತ್ರಗಳ ಪೈಕಿ 15ಕ್ಕೆ ನಡೆದ ಉಪಚುನಾವಣೆಯಲ್ಲಿ 12 ಬಿಜೆಪಿಗೆ ಬಂದವು. ಕೋರ್ಟು ವ್ಯಾಜ್ಯದಿಂದ ತಡವಾದ ಮಸ್ಕಿಯಲ್ಲಿ ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು, ಶಾಸಕ ಬಿ. ನಾರಾಯಣರಾವ್ ಕೋವಿಡ್‌ನಿಂದ ತೀರಿಕೊಂಡು ತೆರವಾಗಿದ್ದ ಬಸವಕಲ್ಯಾಣದ ಜೊತೆಗೆ. ಬಸವಕಲ್ಯಾಣ ಬಿಜೆಪಿಯ ಶರಣು ಸಲಗರ ಅವರನ್ನು ಆರಿಸಿತು. ಮಸ್ಕಿ, ಅನರ್ಹಗೊಂಡಿದ್ದ ಪ್ರತಾಪಗೌಡ ಪಾಟೀಲರನ್ನು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿತು.

2024ಕ್ಕೆ ನೋಟವೇ ಬದಲಾಗಿತ್ತು. ಹೈಕೋರ್ಟಿನ ಕಲಾಪ ಮೊಬೈಲಿನಲ್ಲೇ ಸಿಗುವ ಕಾಲ. ಮೈಸೂರಿನ ಮುಡಾ ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮೇಲೆ ತನಿಖೆಗೆ ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಕೊಟ್ಟ ಅನುಮತಿಯನ್ನು ಪ್ರಶ್ನಿಸಿದ ಅರ್ಜಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ಬಂತು. ಮುಖ್ಯಮಂತ್ರಿ ಪರ ನಿಂತ ಸಿಂಘ್ವಿ ಹಿಡಿದದ್ದು ರಾಜ್ಯಪಾಲರ ಆತುರವನ್ನು. ಬೇರೆ ನಾಯಕರ ಮೇಲಿನ ಅರ್ಜಿಗಳು ಹಾಗೇ ಬಿದ್ದಿರುವಾಗ ಇದೊಂದಕ್ಕೆ ಯಾಕಿಷ್ಟು ಅವಸರ ಎಂಬ ಪ್ರಶ್ನೆ. ಗಟ್ಟಿ ಪ್ರಶ್ನೆಯೇ. ಆದರೆ ಅದು ಆಪಾದಿಸಿದವನ ನಡತೆಯ ಮೇಲಿನ ಮಾತು. ಕೆಸರೆಯ 3 ಎಕರೆ 16 ಗುಂಟೆಗೆ ವಿಜಯನಗರದಲ್ಲಿ 14 ನಿವೇಶನ ಬಂದದ್ದು ಹೇಗೆ ಎಂಬ ಪ್ರಶ್ನೆ ಅದರಿಂದ ಕರಗುವುದಿಲ್ಲ. ಮುಖ್ಯಮಂತ್ರಿ ಪರವೇ ಇದ್ದ ಪ್ರೊ. ರವಿವರ್ಮ ಕುಮಾರ್ ಆ ಜಮೀನಿನ ಇತಿಹಾಸ ಬಿಡಿಸಿದರು, ಈ ಪ್ರಕರಣದಲ್ಲಿ ಆರೋಪಕ್ಕೆ ಎದುರಾಗಿ ನಿಂತ ವಾದ ಅದೇ. ಸೆಪ್ಟೆಂಬರ್ 24ರಂದು ಅರ್ಜಿ ವಜಾ ಆಯಿತು. ಲಾಭ ಪಡೆದವರು ಹೊರಗಿನವರಲ್ಲ, ಅರ್ಜಿದಾರರ ಕುಟುಂಬದವರೇ ಎಂಬ ಅಂಶ ತೀರ್ಪಿನ ನಡುಗಂಬವಾಯಿತು. 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಹಾಕಿದರು.

ನೇರಪ್ರಸಾರದಿಂದ ಒಂದು ಲಾಭವಂತೂ ಇದೆ. ವಕೀಲ ಯಾವ ಪ್ರಶ್ನೆಯನ್ನು ತಪ್ಪಿಸಿ ಹೋದ ಎಂಬುದನ್ನು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕುಳಿತವನೂ ನೋಡಬಹುದು. ಸಭಾಧ್ಯಕ್ಷರ ಕೊಠಡಿಯಲ್ಲಿ ನಡೆಯುವ ಅನರ್ಹತೆಯ ವಿಚಾರಣೆಗೆ ಈ ಭಾಗ್ಯವಿಲ್ಲ, ಆದೇಶ ಹೊರಬಿದ್ದ ಮೇಲಷ್ಟೇ ಜನರಿಗೆ ಗೊತ್ತಾಗುತ್ತದೆ. ಈ ಅಧಿಕಾರವನ್ನೇ ಸಭಾಧ್ಯಕ್ಷರಿಂದ ತೆಗೆದು ನಿವೃತ್ತ ನ್ಯಾಯಮೂರ್ತಿಯ ನೇತೃತ್ವದ ಕಾಯಂ ನ್ಯಾಯಮಂಡಳಿಗೆ ಕೊಡುವ ಬಗ್ಗೆ ಸಂಸತ್ತು ಯೋಚಿಸಲಿ ಎಂದು ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2020ರ ಜನವರಿಯಲ್ಲೇ ಹೇಳಿದೆ. ಅದಕ್ಕೆ ಸಂವಿಧಾನ ತಿದ್ದಬೇಕು. ಕ್ಯಾಮೆರಾ ಇಡಲು ಅಷ್ಟು ಬೇಡ. ವಿಚಾರಣೆಯ ನಿಯಮಗಳನ್ನು ರೂಪಿಸುವ ಅಧಿಕಾರವನ್ನು ಹತ್ತನೆಯ ಅನುಸೂಚಿ ಸಭಾಧ್ಯಕ್ಷರಿಗೇ ಕೊಟ್ಟಿದೆ. ಮುಂದಿನ ಸಾಲು ಅನರ್ಹತೆಯ ಅರ್ಜಿಗಳು ಬರುವ ಮೊದಲೇ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರು ಆ ನಿಯಮಗಳಿಗೆ ನೇರಪ್ರಸಾರದ ಒಂದು ತಿದ್ದುಪಡಿ ತರಬೇಕು.